ತಮ್ಮನ ಆ ಮೂರು ವಾರ: ಬೈಪೋಲಾರ್ ಹೌದಾ? ಲಿಥಿಯಂ ಎಷ್ಟು ದಿನ?

ಪ್ರಶ್ನೆ: ನಾವು ತಿಪಟೂರು ಕಡೆಯವರು. ನನ್ನ ತಮ್ಮನಿಗೆ 27 ವರ್ಷ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. ಎರಡು ವರ್ಷದ ಹಿಂದೆ ತುಂಬಾ ಮಂಕಾಗಿ ಊರಿಗೆ ಬಂದ. ನಾಲ್ಕು ತಿಂಗಳು ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಡಾಕ್ಟರು ಡಿಪ್ರೆಶನ್ ಅಂತ ಮಾತ್ರೆ ಕೊಟ್ಟರು, ಸರಿಹೋದ, ಮಾತ್ರೆ ಬಿಟ್ಟ. ಈ ವರ್ಷ ಮತ್ತೆ ಮಂಕಾದಾಗ ಹಳೆ ಚೀಟಿ ತೋರಿಸಿ ಅದೇ ಮಾತ್ರೆ ತಂದು ತಾನೇ ಶುರು ಮಾಡಿದ. ಹದಿನೈದು ದಿನದಲ್ಲಿ ಬೇರೆ ಮನುಷ್ಯನೇ ಆದ. ಕೊಬ್ಬರಿ ಎಣ್ಣೆ ರಫ್ತು ಮಾಡ್ತೀನಿ ಅಂದ, ಆ್ಯಪ್‌ಗಳಲ್ಲಿ ನಾಲ್ಕು ಲಕ್ಷ ಸಾಲ ಮಾಡಿದ, ಹಳೆ ಟೆಂಪೋ ಕೊಂಡ. ರಾತ್ರಿ ಎರಡು ಗಂಟೆ ಮಲಗಿದರೂ ದಣಿವೇ ಇರಲಿಲ್ಲ, ನಾಲ್ಕಕ್ಕೇ ಎದ್ದು ತೋಟಕ್ಕೆ ನೀರು ಬಿಡುತ್ತಿದ್ದ. ತಡೆದ ಅಪ್ಪನನ್ನು ತಳ್ಳಿಬಿಟ್ಟ. ಆ ಮಾತ್ರೆ ನಿಲ್ಲಿಸಿದರೂ ಇಳಿಯಲಿಲ್ಲ. ಗಾಳಿ ಸೋಕಿದೆ ಅಂತ ಹೇಳಿ ಎರಡು ದಿನ ಕೋಣೆಯಲ್ಲಿ ಕೂಡಿಹಾಕಿದೆವು. ಮೂರು ವಾರದ ಮೇಲೆ ಮನೋವೈದ್ಯರ ಹತ್ತಿರ ಹೋದೆವು. ಅವರು ಬೈಪೋಲಾರ್ ಅಂದರು, ಲಿಥಿಯಂ ಬರೆದರು. ಈಗ ಮೂರು ತಿಂಗಳಾಯಿತು, ಚೆನ್ನಾಗಿದ್ದಾನೆ. ಆದರೆ ನೆಂಟರು ಕಿಡ್ನಿ ಹೋಗುತ್ತೆ, ನಿಲ್ಲಿಸಿ ಅಂತಾರೆ. ಇದು ನಿಜವಾಗಿ ಬೈಪೋಲಾರಾ? ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತಾ? ಮಾತ್ರೆ ಎಷ್ಟು ದಿನ? ಹೆಣ್ಣು ನೋಡುತ್ತಿದ್ದೇವೆ, ಅವರಿಗೆ ಹೇಳಬೇಕಾ? ಕೊನೆಗೆ ಅಮ್ಮನ ಪ್ರಶ್ನೆ: ಅವನಿಗೆ ಕಾಫಿ ಕೊಡಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಅಡಿಗೆರೆ ಎಳೆದುಕೊಂಡ ಸಾಲು ಒಂದೇ. ಎರಡು ಗಂಟೆ ಮಲಗಿದರೂ ದಣಿವಿರಲಿಲ್ಲ ಅಂದಿರಲ್ಲ, ಅದು. ಸಾಲ ಮಾಡುವವರು, ಹೊಸ ವ್ಯಾಪಾರದ ಕನಸು ಕಾಣುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರೆಲ್ಲ ಕಾಯಿಲೆಯವರಲ್ಲ. ಆದರೆ ರಾತ್ರಿ ನಿದ್ದೆ ಬರದವನು ಬೆಳಿಗ್ಗೆ ಸೋತುಹೋಗಿರುತ್ತಾನೆ, ಕಣ್ಣು ಉರಿ, ತಲೆಭಾರ ಅಂತಾನೆ. ನಿಮ್ಮ ತಮ್ಮನಿಗೆ ನಿದ್ದೆ ಬಾರದ ತೊಂದರೆ ಇರಲಿಲ್ಲ. ನಿದ್ದೆ ಬೇಕು ಅಂತಲೇ ಅನಿಸುತ್ತಿರಲಿಲ್ಲ. ಈ ಎರಡರ ನಡುವಿನ ವ್ಯತ್ಯಾಸ ತಿಳಿದರೆ ಅರ್ಧ ರೋಗನಿರ್ಣಯ ಆದ ಹಾಗೆ.

ಬೈಪೋಲಾರ್ ಅಂದರೆ ಮನಸ್ಸು ಕೆಲವು ಕಾಲ ವಿಪರೀತ ಏರುವ, ಕೆಲವು ಕಾಲ ಮಂಕಾಗಿ ಇಳಿಯುವ ಕಾಯಿಲೆ. ಆ ಏರಿದ ಸ್ಥಿತಿಗೆ ಮೇನಿಯಾ ಅನ್ನುತ್ತೇವೆ, ಹಳೆಯ ಪುಸ್ತಕಗಳಲ್ಲಿ ಉನ್ಮಾದ ಅಂತಿರುತ್ತದೆ. ಮನಸ್ಸು ವಿಪರೀತ ಖುಷಿಯಲ್ಲಿ ಅಥವಾ ವಿಪರೀತ ಸಿಡುಕಿನಲ್ಲಿ ಇರುತ್ತದೆ. ಸಿಡುಕು ಅನ್ನೋದನ್ನು ಜನ ಮರೆತುಬಿಡುತ್ತಾರೆ. ಮೇನಿಯಾ ಅಂದರೆ ನಗುನಗುತ್ತಾ ಇರುವುದು ಅಂದುಕೊಂಡು, ಅಪ್ಪನನ್ನು ತಳ್ಳಿದ್ದಕ್ಕೆ 'ಕೊಬ್ಬು' ಅಂತ ಹೆಸರಿಡುತ್ತಾರೆ. ಇದರ ಜೊತೆಗೆ ನಿಲ್ಲದ ಮಾತು, ಒಂದರ ಬೆನ್ನಿಗೆ ಒಂದು ಓಡುವ ಯೋಚನೆ, ಯಾವುದರಲ್ಲೂ ಗಮನ ನಿಲ್ಲದಿರುವುದು, ನನ್ನಂಥವನು ಇನ್ನೊಬ್ಬನಿಲ್ಲ ಅನ್ನುವ ಭಾವ, ಕೈಬಿಚ್ಚಿ ಖರ್ಚು, ಮೈಮೇಲೆ ಎಚ್ಚರವಿಲ್ಲದ ಓಡಾಟ. ಹೀಗೆ ಕನಿಷ್ಠ ಒಂದು ವಾರ, ದಿನದ ಹೆಚ್ಚು ಹೊತ್ತು ಇದ್ದರೆ ಅದು ಮೇನಿಯಾ. ಇದರ ಸಣ್ಣ ರೂಪ ಹೈಪೋಮೇನಿಯಾ. ನಾಲ್ಕು ದಿನ ಇದ್ದರೂ ಲೆಕ್ಕಕ್ಕೆ ಬರುತ್ತದೆ, ಆದರೆ ಕೆಲಸ ಕೆಡುವುದಿಲ್ಲ, ಆಸ್ಪತ್ರೆಗೆ ಸೇರಿಸುವ ಮಟ್ಟಕ್ಕೂ ಹೋಗುವುದಿಲ್ಲ. ಎಷ್ಟೋ ಮನೆಗಳಲ್ಲಿ ಆ ದಿನಗಳನ್ನು 'ಆಗ ಎಷ್ಟು ಚುರುಕಾಗಿದ್ದ' ಅಂತ ಹೊಗಳುತ್ತಾರೆ.

ಪೂರ್ತಿ ಮೇನಿಯಾ ಒಂದು ಸಲ ಬಂದರೂ ಸಾಕು, ಅದು ಒಂದನೇ ಬಗೆಯ ಬೈಪೋಲಾರ್. ಡಿಪ್ರೆಶನ್ ಜೊತೆ ಹೈಪೋಮೇನಿಯಾ ಮಾತ್ರ ಬಂದಿದ್ದರೆ ಎರಡನೇ ಬಗೆಯದು. ನಿಮ್ಮ ತಮ್ಮನದು ಮೊದಲನೆಯದು. 'ಡಿಪ್ರೆಶನ್ ಮಾತ್ರೆಯಿಂದ ಹಾಗಾಯಿತು, ಅವನಿಗೆ ಕಾಯಿಲೆ ಇಲ್ಲ' ಅಂತ ಯಾರಾದರೂ ವಾದ ಮಾಡಬಹುದು. ಆ ಮಾತ್ರೆ ಕಿಡಿ ಹಚ್ಚಿದ್ದು ನಿಜ. ಆದರೆ ನಿಲ್ಲಿಸಿದ ಮೇಲೂ ವಾರಗಟ್ಟಲೆ ಅದೇ ಬಿರುಸಿನಲ್ಲಿ ಇದ್ದ ಅಂದರೆ ಉರಿಯುವುದಕ್ಕೆ ಒಳಗೇ ಏನೋ ಇತ್ತು ಅಂತಾಯಿತು. ನಿಮ್ಮ ವೈದ್ಯರ ನಿರ್ಣಯ ನನಗೆ ಸರಿಯಾಗಿಯೇ ಕಾಣುತ್ತದೆ.

ಹಾಗಾದರೆ ಮೊದಲ ಸಲ ಡಿಪ್ರೆಶನ್ ಅಂದ ಡಾಕ್ಟರು ತಪ್ಪು ಮಾಡಿದರಾ? ಅವರನ್ನು ಬೈಯಬೇಡಿ. ಈ ಕಾಯಿಲೆ ಬಹಳ ಜನರಲ್ಲಿ ಡಿಪ್ರೆಶನ್ನಿನಿಂದಲೇ ಶುರುವಾಗುತ್ತದೆ, ಅದೂ ಹದಿನೈದರಿಂದ ಇಪ್ಪತ್ತೈದು ವರ್ಷದ ಆಸುಪಾಸಿನಲ್ಲಿ. ಆ ದಿನ ಅವರ ಮುಂದೆ ಕೂತಿದ್ದವನು ಮಂಕಾದ ಹುಡುಗ. ಅವನ ಮುಖದ ಮೇಲೆ 'ಮುಂದೆ ಏರುತ್ತೇನೆ' ಅಂತ ಬರೆದಿರಲಿಲ್ಲ. ಬೈಪೋಲಾರ್ ಒಂದು ದಿನದ ಫೋಟೋದಲ್ಲಿ ಕಾಣುವ ಕಾಯಿಲೆಯಲ್ಲ, ವರ್ಷಗಳನ್ನು ಸಾಲಾಗಿ ಇಟ್ಟು ನೋಡಿದಾಗ ಕಾಣುತ್ತದೆ. ಸರಿಯಾದ ಹೆಸರು ಸಿಗುವ ಹೊತ್ತಿಗೆ ಎಷ್ಟೋ ಜನರಿಗೆ ಹಲವು ವರ್ಷ ಕಳೆದಿರುತ್ತದೆ.

ನಾನೂ ಎಡವಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಒಬ್ಬ ಹೆಣ್ಣುಮಗಳು ಅಳುತ್ತಾ ಬಂದರು. 'ಯಾವಾಗಾದರೂ ಜಾಸ್ತಿ ಖುಷಿ ಆಗಿತ್ತಾ?' ಅಂತ ಕೇಳಿದೆ. ಇಲ್ಲ ಅಂದರು. ಡಿಪ್ರೆಶನ್ ಮಾತ್ರೆ ಕೊಟ್ಟು ಕಳಿಸಿದೆ. ಮೂರು ವಾರಕ್ಕೆ ಮತ್ತೆ ಬಂದರು, ಮದುವೆಗೆ ಹೊರಟವರ ಹಾಗೆ ಒಡವೆ ಹಾಕಿಕೊಂಡು, ಓಪಿಡಿಯಲ್ಲಿ ಕೂತವರಿಗೆಲ್ಲ ಹೂವು ಹಂಚುತ್ತಾ. ಹಿಂದೆ ನಿಂತಿದ್ದ ಅವರ ತಾಯಿ ಅಂದರು: 'ಪಿಯುಸಿಯಲ್ಲೂ ಹಿಂಗೇ ಆಗಿತ್ತಲ್ಲ ಡಾಕ್ಟ್ರೇ, ನೀವು ನನ್ನ ಕೇಳಲೇ ಇಲ್ಲ.' ಆವತ್ತಿನಿಂದ ನಾನು ಖುಷಿಯ ಬಗ್ಗೆ ಕೇಳುವುದಿಲ್ಲ. ಮಂಕಾಗಿರುವವರಿಗೆ ಹಳೆಯ ಖುಷಿ ನೆನಪಿಗೇ ಬರುವುದಿಲ್ಲ. 'ಕಡಿಮೆ ನಿದ್ದೆಯಲ್ಲೂ ಓಡಾಡಿಕೊಂಡಿದ್ದ ದಿನಗಳು ಇದ್ದವಾ? ಆಗ ಮನೆಯವರು ಏನಂದರು?' ಅಂತ ಕೇಳುತ್ತೇನೆ. ಮನೆಯವರನ್ನು ಕೂರಿಸಿಕೊಂಡೇ ಕೇಳುತ್ತೇನೆ. ಮನೆತನದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತಾ ಅಂದರೆ ಎಲ್ಲರೂ ಇಲ್ಲ ಅಂತಾರೆ. ಯಾರಾದರೂ ಮನೆ ಬಿಟ್ಟು ಹೋಗಿದ್ದರಾ, ಆಸ್ತಿ ಮಾರಿ ಕೈ ಖಾಲಿ ಮಾಡಿಕೊಂಡಿದ್ದರಾ, ಬಾವಿಗೆ ಬಿದ್ದಿದ್ದರಾ, ವರ್ಷಕ್ಕೊಮ್ಮೆ ಮೈಮೇಲೆ ಬರುತ್ತಿತ್ತಾ ಅಂತ ಕೇಳಿದರೆ ದೊಡ್ಡಪ್ಪನ ಕಥೆ ಹೊರಗೆ ಬರುತ್ತದೆ. ನೀವೂ ಒಮ್ಮೆ ನಿಮ್ಮ ಅಜ್ಜಿಯನ್ನು ಹೀಗೆ ಕೇಳಿ ನೋಡಿ.

ಇನ್ನು ಸ್ಕ್ಯಾನ್. ಬೈಪೋಲಾರನ್ನು ತೋರಿಸುವ ಸ್ಕ್ಯಾನ್ ಇಲ್ಲ, ರಕ್ತಪರೀಕ್ಷೆಯೂ ಇಲ್ಲ. ಪರೀಕ್ಷೆ ಮಾಡಿಸುವುದು ಬೇರೆ ಕಾರಣಗಳನ್ನು ತಳ್ಳಿಹಾಕಲು. ಥೈರಾಯ್ಡ್ ಜಾಸ್ತಿಯಾದರೂ ಹೀಗೆ ಕಾಣಬಹುದು. ಉಬ್ಬಸಕ್ಕೋ ಚರ್ಮಕ್ಕೋ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡವರು ಏರಿಬಿಡಬಹುದು. ಗಾಂಜಾ ಇದ್ದರೆ ಕೇಳಲೇಬೇಕು. ಬೈಯದೆ ಕೇಳಿ, ಆಗ ನಿಜ ಹೇಳುತ್ತಾರೆ. ಐವತ್ತು ದಾಟಿದವರಿಗೆ ಮೊದಲ ಸಲ ಮೇನಿಯಾ ಬಂದರೆ ನಾನೇ ತಲೆಯ ಎಂಆರ್‌ಐ ಬರೆಯುತ್ತೇನೆ. 27ರ ಹುಡುಗನಿಗೆ, ಫಿಟ್ಸ್ ಅಥವಾ ತಲೆಗೆ ಪೆಟ್ಟು ಇಲ್ಲದಿದ್ದರೆ, ಆ ದುಡ್ಡು ಉಳಿಸಿಕೊಳ್ಳಿ.

ಒಂದು ಅಡ್ಡಮಾತು. ಈಗೀಗ ಕಾಲೇಜು ಹುಡುಗರು ಫೋನಿನಲ್ಲಿ ಹತ್ತು ಪ್ರಶ್ನೆಯ ಟೆಸ್ಟ್ ಮಾಡಿಕೊಂಡು ಬರುತ್ತಾರೆ. 'ಬೆಳಿಗ್ಗೆ ಖುಷಿ, ಸಂಜೆ ಬೇಜಾರು, ನಂಗೆ ಬೈಪೋಲಾರ್ ಅಲ್ವಾ ಸರ್?' ಗಂಟೆಗೊಮ್ಮೆ ಬದಲಾಗುವ ಮೂಡ್ ಸಾಮಾನ್ಯವಾಗಿ ಬೈಪೋಲಾರ್ ಅಲ್ಲ. ಇಲ್ಲಿ ಏರಿಳಿತ ನಡೆಯುವುದು ವಾರ, ತಿಂಗಳುಗಳ ಲೆಕ್ಕದಲ್ಲಿ.

ಗಾಳಿ ಸೋಕಿದೆ ಅಂತ ಅಂದುಕೊಂಡಿದ್ದಕ್ಕೆ ನಿಮಗೆ ಬೇಸರ ಇದ್ದಂತಿದೆ. ಇರಬಾರದು. ಮೇನಿಯಾ ಏರಿದಾಗ 'ನಾನೇ ದೇವರು' ಅನ್ನುವವರಿದ್ದಾರೆ, ಯಾರದೋ ದನಿ ಕೇಳಿಸುವವರಿದ್ದಾರೆ. ನೋಡಿದವರಿಗೆ ಹಾಗೆ ಅನಿಸುವುದು ಸಹಜ. ದೇವಸ್ಥಾನಕ್ಕೆ ಹೋಗಿ, ದರ್ಗಾಕ್ಕೆ ಹೋಗಿ, ಹರಕೆ ತೀರಿಸಿ. ನನ್ನ ತಕರಾರಿಲ್ಲ. ಮಾತ್ರೆ ನಿಲ್ಲಿಸು ಅಂದವರ ಹತ್ತಿರ ಮಾತ್ರ ಹೋಗಬೇಡಿ. ಕೂಡಿಹಾಕುವುದು, ಕಟ್ಟಿಹಾಕುವುದು ಬೇಡ. ಕಾಯಿಲೆಯವರನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಇನ್ನೊಮ್ಮೆ ಹಾಗಾದರೆ, ಅವನು ಒಪ್ಪದಿದ್ದರೂ ಮನೆಯವರ ಕೋರಿಕೆಯ ಮೇಲೆ ಆಸ್ಪತ್ರೆಗೆ ಸೇರಿಸುವ ದಾರಿ ಅದೇ ಕಾಯ್ದೆಯಲ್ಲಿ ಇದೆ.

ಈಗ ಲಿಥಿಯಂ. ನಿಮ್ಮ ನೆಂಟರು ಹೆದರುವ ಈ ಮಾತ್ರೆ ನಿಜಕ್ಕೂ ಒಂದು ಲವಣ. ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನುವ ವೈದ್ಯ ಗಿನಿಪಿಗ್‌ಗಳಿಗೆ ಇದನ್ನು ಕೊಟ್ಟು ಅವು ಶಾಂತವಾದದ್ದನ್ನು ಕಂಡ. ಆಮೇಲೆ ಮೇನಿಯಾದ ರೋಗಿಗಳಿಗೆ ಕೊಟ್ಟು, 1949ರಲ್ಲಿ ಅದರ ಬಗ್ಗೆ ಬರೆದ. ಅದಾದ ಮೇಲೆ ಎಷ್ಟೋ ಹೊಸ ಔಷಧಿಗಳು ಬಂದಿವೆ. ಆದರೂ ಏರಿಕೆ ಇಳಿಕೆ ಎರಡನ್ನೂ ತಡೆಯುವುದರಲ್ಲಿ, ಅದಕ್ಕಿಂತ ಹೆಚ್ಚಾಗಿ ಆತ್ಮಹತ್ಯೆ ತಡೆಯುವುದರಲ್ಲಿ, ನಾನು ಮೊದಲು ನೆನೆಯುವುದು ಇದನ್ನೇ. ಬೆಲೆಯೂ ಕಡಿಮೆ. ಜಾಹೀರಾತು ಮಾಡುವವರಿಲ್ಲದ ಕಾರಣ ಹೊಗಳುವವರೂ ಕಡಿಮೆ.

ತೊಂದರೆ ಏನೆಂದರೆ, ಸಾಕಾಗುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಅಂತರ ಚಿಕ್ಕದು. ರಕ್ತದಲ್ಲಿ ಲಿಥಿಯಂ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಇದ್ದರೆ ಕಾಯಿಲೆ ಮರುಕಳಿಸದಂತೆ ತಡೆಯಲು ಸಾಮಾನ್ಯವಾಗಿ ಸಾಕು. ಏರಿದ ಸಮಯದಲ್ಲಿ 1ರ ತನಕ ಒಯ್ಯುತ್ತೇವೆ. 1.5 ದಾಟಿದರೆ ಅಪಾಯ. ಅದಕ್ಕೇ ರಕ್ತಪರೀಕ್ಷೆ. ರಾತ್ರಿ ಮಾತ್ರೆ ನುಂಗಿ ಹನ್ನೆರಡು ಗಂಟೆಯ ನಂತರ ರಕ್ತ ಕೊಡಬೇಕು. ಆ ದಿನ ಬೆಳಗಿನ ಮಾತ್ರೆ ಇದ್ದರೆ ರಕ್ತ ಕೊಟ್ಟ ಮೇಲೆ ನುಂಗಬೇಕು. ಮಾತ್ರೆ ನುಂಗಿ ಲ್ಯಾಬಿಗೆ ಹೋಗಿ, ರಿಪೋರ್ಟಿನಲ್ಲಿ ಜಾಸ್ತಿ ಬಂದು, ಹೆದರಿ ನಿಲ್ಲಿಸಿದವರನ್ನು ತುಂಬಾ ನೋಡಿದ್ದೇನೆ.

ಕಿಡ್ನಿ ವಿಷಯ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಬಾಯಾರಿಕೆ, ಮೂತ್ರ ಜಾಸ್ತಿ, ಕೈಯಲ್ಲಿ ಸಣ್ಣ ನಡುಕ ಬಹಳ ಜನಕ್ಕೆ ಬರುತ್ತದೆ. ಹಲವು ವರ್ಷ ತೆಗೆದುಕೊಂಡ ಕೆಲವರಲ್ಲಿ ಕಿಡ್ನಿಯ ಕೆಲಸ ನಿಧಾನವಾಗಿ ಕುಗ್ಗಬಹುದು. ಕಿಡ್ನಿ ಪೂರ್ತಿ ಕೈಕೊಡುವುದು ವಿರಳ. ಥೈರಾಯ್ಡ್ ಕಡಿಮೆಯಾಗುವುದು ಅದಕ್ಕಿಂತ ಸಾಮಾನ್ಯ, ಅದಕ್ಕೆ ಮಾತ್ರೆ ಇದೆ. ಆರು ತಿಂಗಳಿಗೊಮ್ಮೆ ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್, ಥೈರಾಯ್ಡ್, ಕ್ಯಾಲ್ಸಿಯಂ ನೋಡಿಸುತ್ತಿದ್ದರೆ ಇವೆಲ್ಲ ಮೊದಲೇ ಗೊತ್ತಾಗುತ್ತವೆ. ನಿಜವಾದ ಅಪಾಯ ಬರುವುದು ಬೇರೆ ಬಾಗಿಲಿನಿಂದ. ಮೈಕೈ ನೋವು ಅಂತ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗುತ್ತಾರಲ್ಲ, ಅವು ಲಿಥಿಯಂ ಮಟ್ಟ ಏರಿಸುತ್ತವೆ. ನೋವಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಆದೀತು. ಕೆಲವು ಬಿಪಿ ಮಾತ್ರೆಗಳೂ, ಮೂತ್ರ ಹೋಗಿಸುವ ಮಾತ್ರೆಗಳೂ ಹೀಗೇ. ಯಾವ ಡಾಕ್ಟರ ಹತ್ತಿರ ಹೋದರೂ 'ಲಿಥಿಯಂ ಇದೆ' ಅಂತ ಮೊದಲು ಹೇಳಲಿ.

ನೀರು, ಉಪ್ಪು ಕಡಿಮೆಯಾದರೂ ಮಟ್ಟ ಏರುತ್ತದೆ. ಬೇಸಿಗೆಯಲ್ಲಿ ತೋಟದ ಕೆಲಸ ಮಾಡುವವನು ನೀರು ಜಾಸ್ತಿ ಕುಡಿಯಬೇಕು. ನೀರೂ ಮುಟ್ಟದ ಏಕಾದಶಿ ಉಪವಾಸ, ಉಪ್ಪು ಬಿಟ್ಟು ಮಾಡುವ ವ್ರತ ಇವನಿಗೆ ಬೇಡ. ಮುಸ್ಲಿಂ ಓದುಗರು ರಂಜಾನ್ ಉಪವಾಸಕ್ಕೆ ಮೊದಲೇ ವೈದ್ಯರನ್ನು ಕಾಣಬೇಕು. ವಾಂತಿ ಭೇದಿ ಶುರುವಾದರೆ ಮುಂದಿನ ಮಾತ್ರೆ ನುಂಗುವ ಮೊದಲು ಫೋನ್ ಮಾಡಿ ಕೇಳಿ. ನಡುಕ ದಪ್ಪವಾಯಿತು, ಮಾತು ತೊದಲುತ್ತಿದೆ, ನಡಿಗೆ ತೂರಾಡುತ್ತಿದೆ ಅಂದರೆ ಕಾಯಬೇಡಿ. ಮಾತ್ರೆ ನಿಲ್ಲಿಸಿ ಆವತ್ತೇ ಆಸ್ಪತ್ರೆಗೆ ಹೋಗಿ.

ಬೇರೆ ಔಷಧಿಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಏರಿದ್ದನ್ನು ಬೇಗ ಇಳಿಸಲು ಒಲಾಂಜಪಿನ್, ರಿಸ್ಪೆರಿಡೋನ್, ಕ್ವೆಟಿಯಾಪಿನ್ ಕೊಡುತ್ತೇವೆ. ಒಲಾಂಜಪಿನ್‌ನಲ್ಲಿ ತೂಕ, ಶುಗರ್ ಏರುತ್ತವೆ, ಅಳೆಯುತ್ತಾ ಇರಬೇಕು. ಇಳಿದ ಹಂತಕ್ಕೆ, ಅಂದರೆ ಡಿಪ್ರೆಶನ್ನಿಗೆ, ಕ್ವೆಟಿಯಾಪಿನ್ ಒಳ್ಳೆಯದು. ಇಳಿಕೆ ಮತ್ತೆ ಬರದಂತೆ ಲ್ಯಾಮೊಟ್ರಿಜಿನ್ ಇದೆ. ಅದನ್ನು ವಾರಗಟ್ಟಲೆ ನಿಧಾನವಾಗಿ ಏರಿಸಬೇಕು, ಮೈಮೇಲೆ ಗುಳ್ಳೆ ಎದ್ದರೆ ತಕ್ಷಣ ತೋರಿಸಬೇಕು. ಡಿಪ್ರೆಶನ್ ಮಾತ್ರೆಯೊಂದನ್ನೇ ಇನ್ನು ಇವನಿಗೆ ಕೊಡಬಾರದು. ಹಳೆ ಚೀಟಿ ಹರಿದುಹಾಕಿ. ಕರೆಂಟ್ ಟ್ರೀಟ್‌ಮೆಂಟ್ ಅಂದರೆ ಸಿನಿಮಾ ನೋಡಿ ಹೆದರುತ್ತಾರೆ. ಈಗ ಅದನ್ನು ಅರಿವಳಿಕೆ ಕೊಟ್ಟೇ ಮಾಡುವುದು, ಕಾನೂನೂ ಹಾಗೇ ಇದೆ. ಊಟ ಬಿಟ್ಟವರಿಗೆ, ಸಾಯುವ ಯೋಚನೆಯಲ್ಲಿ ಇರುವವರಿಗೆ ಅದು ಜೀವ ಉಳಿಸುತ್ತದೆ. ಈ ಪತ್ರ ತಂಗಿಯ ಬಗ್ಗೆ ಬಂದಿದ್ದರೆ ಒಂದು ಮಾತನ್ನು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೆ: ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ, ಇದೇ ಕಾಯಿಲೆಗೆ ಕೊಡುವ ವಾಲ್ಪ್ರೊಯೇಟ್ ಅನ್ನುವ ಮಾತ್ರೆ ಆದಷ್ಟೂ ಬೇಡ. ಹೊಟ್ಟೆಯೊಳಗಿನ ಮಗುವಿನ ಬೆನ್ನುಹುರಿ, ಬುದ್ಧಿ ಎರಡಕ್ಕೂ ಅದರಿಂದ ಹಾನಿ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ತಾವೇ ನಿಲ್ಲಿಸದೆ ವೈದ್ಯರ ಹತ್ತಿರ ಮಾತಾಡಿ ಬದಲಿಸಿಕೊಳ್ಳಬೇಕು. ಬಾಣಂತನದ ಮೊದಲ ವಾರಗಳಲ್ಲಿ ಈ ಕಾಯಿಲೆ ಮರುಕಳಿಸುವುದು ಜಾಸ್ತಿ. ಅದಕ್ಕೆ ಗರ್ಭಿಣಿಯಾಗುವ ಮೊದಲೇ ತಯಾರಿ ಬೇಕು.

ಎಷ್ಟು ದಿನ ಅಂತ ಕೇಳಿದ್ದೀರಿ. ಎರಡು ಸಲ ಇಳಿದು, ಒಂದು ಸಲ ಇಷ್ಟು ಜೋರಾಗಿ ಏರಿದವನಿಗೆ ನನ್ನ ಉತ್ತರ ವರ್ಷಗಳ ಲೆಕ್ಕದಲ್ಲಿ. ಮೊದಲು ಎರಡು ವರ್ಷ ಒಂದು ದಿನವೂ ತಪ್ಪದ ಹಾಗೆ ನಡೆಯಲಿ. ಆಮೇಲೆ ವೈದ್ಯರು, ಅವನು, ನೀವು ಕೂತು ಮಾತಾಡಿ. ಬಹುಶಃ ಮುಂದುವರಿಸೋಣ ಅಂತಲೇ ಆಗುತ್ತದೆ. ಎಂದಾದರೂ ನಿಲ್ಲಿಸಬೇಕಾದರೂ ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಮೂರು ತಿಂಗಳು ತೆಗೆದುಕೊಂಡು ಇಳಿಸಬೇಕು. ಲಿಥಿಯಂ ಥಟ್ಟನೆ ಬಿಟ್ಟವರಲ್ಲಿ ಮೇನಿಯಾ ಕೆಲವೇ ತಿಂಗಳಲ್ಲಿ ವಾಪಸ್ ಬರುವುದು ಜಾಸ್ತಿ.

ಅವನು ಮಾತ್ರೆ ಬಿಡಲು ನೋಡುತ್ತಾನೆ, ಅದಕ್ಕೂ ತಯಾರಿರಿ. ಸೋಮಾರಿತನ ಅಂದುಕೊಳ್ಳಬೇಡಿ. ಏರುವ ಮೊದಲ ದಿನಗಳು ತುಂಬಾ ಚೆನ್ನಾಗಿರುತ್ತವೆ. ಬಣ್ಣ ಗಾಢ, ಹಾಡು ಇಂಪು, ಎಲ್ಲಾ ಸಾಧ್ಯ ಅನ್ನುವ ಧೈರ್ಯ. ಎರಡು ಸಲ ಮಂಕಾಗಿದ್ದವನು ಅದನ್ನು ಹೇಗೆ ಬಿಟ್ಟುಕೊಟ್ಟಾನು? ನನ್ನ ರೋಗಿಯೊಬ್ಬರು, ಮೇಷ್ಟ್ರು, ಹೇಳಿದ್ದರು: 'ನೀವು ನನ್ನ ಕಾಯಿಲೆ ತೆಗೆದಿರಿ ಸರ್, ಜೊತೆಗೆ ನನ್ನ ಹಬ್ಬಾನೂ ತೆಗೆದಿರಿ.' ಈ ನಷ್ಟದ ಬಗ್ಗೆ ಅವನ ಜೊತೆ ಮಾತಾಡಿ. ಸುಮ್ನೆ 'ನುಂಗು, ನುಂಗು' ಅಂದರೆ ಬಾಯಿಂದ ಬಚ್ಚಲಿಗೆ ಹೋಗುತ್ತದೆ.

ಈಗ, ಚೆನ್ನಾಗಿರುವಾಗಲೇ, ಒಂದು ನೋಟ್‌ಬುಕ್ ತನ್ನಿ. ಎಷ್ಟಕ್ಕೆ ಮಲಗಿದ, ಎಷ್ಟಕ್ಕೆ ಎದ್ದ, ದಿನಕ್ಕೊಂದು ಸಾಲು, ಅವನ ಕೈಯಲ್ಲೇ. ಸತತ ಎರಡು ರಾತ್ರಿ ನಿದ್ದೆ ನಾಲ್ಕು ಗಂಟೆಗಿಂತ ಕಡಿಮೆಯಾಗಿ, ಬೆಳಿಗ್ಗೆ ಲವಲವಿಕೆ ಇದ್ದರೆ ಮೂರನೆಯ ದಿನ ವೈದ್ಯರಿಗೆ ಫೋನ್. ಇದು ನಾನು ನನ್ನ ರೋಗಿಗಳ ಜೊತೆ ಮಾಡಿಕೊಳ್ಳುವ ಕರಾರು. ನಿದ್ದೆಗೆಡುವುದು ಬರೀ ಲಕ್ಷಣ ಅಲ್ಲ, ಕಾರಣವೂ ಆಗುತ್ತದೆ. ಹಾಗಾಗಿ ಶಿವರಾತ್ರಿ ಜಾಗರಣೆ, ಬೆಳಗಾಗುವ ತನಕ ನಾಟಕ, ಮದುವೆ ಮನೆಯ ರಾತ್ರಿ ಓಡಾಟ ಇವನಿಗೆ ಬೇಡ. ಮತ್ತೆ ಬೆಂಗಳೂರಿನ ಕೆಲಸಕ್ಕೆ ಹೋದರೆ ಅಮೆರಿಕದ ಸಮಯದ ಶಿಫ್ಟ್ ಬೇಡವೇ ಬೇಡ. ದುಡ್ಡಿನ ವಿಷಯವೂ ಈಗಲೇ ಮಾತಾಡಿ. ಯುಪಿಐ ಮಿತಿ ಇಳಿಸುವುದು, ಸಾಲದ ಆ್ಯಪ್ ತೆಗೆಯುವುದು, ಏರಿದಾಗ ಕಾರ್ಡು ಯಾರ ಕೈಗೆ ಅನ್ನುವುದು. ಯಾವ ಚಿಕಿತ್ಸೆ ಬೇಕು, ತನ್ನ ಪರವಾಗಿ ಯಾರು ಮಾತಾಡಬೇಕು ಅಂತ ಮೊದಲೇ ಬರೆದಿಡುವ ಹಕ್ಕು 2017ರ ಕಾಯ್ದೆಯಲ್ಲಿ ಅವನಿಗೆ ಇದೆ.

ಇಳಿದಾಗ ಏನು ನೋಡಬೇಕು ಅಂತ ನೀವು ಕೇಳಲಿಲ್ಲ. ಆದರೂ ಹೇಳಲೇಬೇಕು. ಈ ಕಾಯಿಲೆಯವರು ಏರಿದ ದಿನಗಳಿಗಿಂತ ಇಳಿದ ದಿನಗಳನ್ನೇ ಹೆಚ್ಚು ಕಳೆಯುತ್ತಾರೆ. ಏರಿಕೆ ಇಳಿಕೆ ಬೆರೆತ ಸ್ಥಿತಿಯೂ ಇದೆ: ಮೈಯಲ್ಲಿ ಚಡಪಡಿಕೆ, ಮನಸ್ಸಿನಲ್ಲಿ ಕತ್ತಲು. ಆಗ ಅಪಾಯ ಹೆಚ್ಚು. 'ಸಾಯಬೇಕು ಅನಿಸುತ್ತಾ?' ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ತೋಟದ ಕ್ರಿಮಿನಾಶಕ ಮನೆಯಿಂದ ದೂರ, ಬೀಗದೊಳಗೆ ಇರಲಿ. ಲಿಥಿಯಂ ಡಬ್ಬಿಯೂ ಆ ದಿನಗಳಲ್ಲಿ ನಿಮ್ಮ ಕೈಯಲ್ಲಿರಲಿ, ಒಟ್ಟಿಗೆ ನುಂಗಿದರೆ ಅದೂ ವಿಷವೇ. ನಡುರಾತ್ರಿ ದಿಕ್ಕು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಪ್ರತಿ ಸಲ ನಿಮ್ಹಾನ್ಸ್ ತನಕ ಓಡಬೇಕಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೂ ಮಂಗಳವಾರ ಬರುತ್ತಾರೆ, ನಿಮ್ಮಲ್ಲಿ ಯಾವ ಮಂಗಳವಾರ ಅಂತ ವಿಚಾರಿಸಿ.

ಮದುವೆ. ಹೇಳಬೇಕು. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಗಂಡನಾದವನು ಹೆಂಡತಿಗೆ ಗೊತ್ತಾಗದ ಹಾಗೆ ಮಾತ್ರೆ ನುಂಗಬೇಕು, ನಾಲ್ಕು ದಿನಕ್ಕೆ ಅದು ತಪ್ಪುತ್ತದೆ, ನಾಲ್ಕು ತಿಂಗಳಿಗೆ ಕಾಯಿಲೆ ಬರುತ್ತದೆ. ವಿಷಯ ಕೋರ್ಟಿಗೆ ಹೋದದ್ದನ್ನೂ ನೋಡಿದ್ದೇನೆ. ಜಾತಕ ತೋರಿಸುವಾಗಲೇ ಊರಿಗೆಲ್ಲ ಸಾರಬೇಕಿಲ್ಲ. ಮಾತು ಮುಂದುವರಿದು, ನಿಶ್ಚಿತಾರ್ಥಕ್ಕೆ ಮೊದಲು, ಅವನೇ ಹುಡುಗಿಗೆ ಹೇಳಲಿ. ಬೇಕಾದರೆ ಇಬ್ಬರೂ ವೈದ್ಯರ ಹತ್ತಿರ ಬರಲಿ. ಮಕ್ಕಳಿಗೆ ಬರುತ್ತಾ ಅಂತ ಆಕೆ ಕೇಳೇ ಕೇಳುತ್ತಾಳೆ. ಎಲ್ಲ ಜನರಲ್ಲಿ ನೂರಕ್ಕೆ ಒಬ್ಬರಿಗೆ ಬರುವ ಕಾಯಿಲೆ, ಅಪ್ಪ ಅಥವಾ ಅಮ್ಮನಿಗೆ ಇದ್ದರೆ ಮಕ್ಕಳಲ್ಲಿ ನೂರಕ್ಕೆ ಐದರಿಂದ ಹತ್ತು ಜನರಿಗೆ ಬರಬಹುದು. ಅಂದರೆ ನೂರರಲ್ಲಿ ಕನಿಷ್ಠ ತೊಂಬತ್ತು ಮಕ್ಕಳಿಗೆ ಬರುವುದಿಲ್ಲ. 'ಮದುವೆ ಮಾಡಿ, ಸರಿಹೋಗ್ತಾನೆ' ಅನ್ನುವವರ ಮಾತು ಮಾತ್ರ ಕಿವಿಗೆ ಹಾಕಿಕೊಳ್ಳಬೇಡಿ. ಇನ್ನೊಂದು ಆರು ತಿಂಗಳು ಹೀಗೇ ಗಟ್ಟಿಯಾಗಿರಲಿ, ಆಮೇಲೆ ನೋಡಿ.

ಅಮ್ಮನ ಕಾಫಿ ಪ್ರಶ್ನೆ ಸಣ್ಣದಲ್ಲ. ಕಾಫಿ ಜಾಸ್ತಿಯಾದರೆ ಲಿಥಿಯಂ ಮೂತ್ರದಲ್ಲಿ ಹೆಚ್ಚು ಹೋಗುತ್ತದೆ. ದಿನಾ ಕುಡಿಯುವವನು ಒಮ್ಮೆಲೇ ಬಿಟ್ಟರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಹಾಗಾಗಿ ಬೆಳಗಿನ ಎರಡು ಲೋಟ ಇದ್ದ ಹಾಗೇ ಇರಲಿ, ದಿನಾ ಅಷ್ಟೇ. ಸಂಜೆ ನೆಂಟರು ಬಂದಾಗ ಅವನಿಗೆ ಮಜ್ಜಿಗೆ ಕೊಡಲಿ, ಉಪ್ಪು ಹಾಕಿ.